ಮುಚ್ಚಿಡಲಾಗದ ಬಿ.ಎಸ್ಸಿ.

ಹೆಣ್ಣು ನೋಡಲು ಬಂದವರೆದುರು ಏನೇನು ಮುಚ್ಚಿಡುತ್ತಾರೆ? ವಯಸ್ಸು, ಮೆಳ್ಳಗಣ್ಣು, ಮನೆಯ ಜಗಳ. ನಮ್ಮಣ್ಣ ಮಗಳ ಬಿ.ಎಸ್ಸಿ.ಯನ್ನೇ ಮುಚ್ಚಿಡಲು ಹೊರಟಿದ್ದ!

ಅಣ್ಣನ ಮಗಳು ಸುನಂದಾ ಓದುತ್ತಿರುವುದು ಅಪರೂಪದ ಕೋರ್ಸು. ಆರ್ಟ್ಸ್, ಸೈನ್ಸ್ ಎರಡನ್ನೂ ಒಟ್ಟಿಗೇ ಕಲಿತು ಎರಡು ಡಿಗ್ರಿ ಪಡೆಯುವುದು. ಬೆಳಿಗ್ಗೆ ಕಾವ್ಯ, ಮಧ್ಯಾಹ್ನ ಆಸಿಡ್ಡು. (ರಜೆಗೆ ಬಂದಾಗ ಸೆರಗಿನಲ್ಲಾದ ತೂತನ್ನು ಪದಕದಂತೆ ತೋರಿಸಿದ್ದಳು.)

ಕಳೆದ ರವಿವಾರ ಹುಕ್ಕೇರಿಯಿಂದ ಗಂಡಿನವರು ಬರುವವರಿದ್ದರು. ಹುಡುಗ ಬಿ.ಎಸ್ಸಿ. ಮುಗಿಸಿ ಹೈಸ್ಕೂಲಿನಲ್ಲಿ ಮಾಸ್ತರ. ನಾನೂ ಗೋಕಾಕದಿಂದ ಮೊದಲ ಬಸ್ಸಿಗೇ ಮೂಡಲಗಿಯ ಅಣ್ಣನ ಮನೆಗೆ ಹೋದೆ. ಅಷ್ಟರಲ್ಲಿ ಅವನ ಲೆಕ್ಕಾಚಾರ ಮುಗಿದಿತ್ತು.

"ಅವರ ಹುಡುಗಂದು ಒಂದು ಡಿಗ್ರಿ, ನಮ್ಮ ಹುಡುಗೀದು ಎರಡು ಅಂದ್ರ ಎದ್ದ ಹೋಗತಾರ. ಬರೇ ಬಿ.ಎ. ಅಂತ ಹೇಳೂದು. ಲಗ್ನ ಆದ ಮ್ಯಾಲ ಸೈನ್ಸ್ ಬಿಟ್ಟರಾತು."

ಸುನಂದಾ ನನ್ನ ಕಡೆ ನೋಡಿದಳು. "ಖರೇನ ಬಿಡಬೇಕೇನ್ರಿ ಕಾಕಾ?"

ನಾನೇನು ಹೇಳಲಿ? ಅಣ್ಣನೆದುರು ನನ್ನ ಬಾಯಿ ಇಂದಿಗೂ ಕಟ್ಟುತ್ತದೆ. ವಾರವಾರ ಪೇಪರಿನಲ್ಲಿ ಊರಿಗೆಲ್ಲ ಬುದ್ಧಿ ಹೇಳುತ್ತೇನೆ ನೋಡಿ!

ಅವರು ಬಂದರು. ಅವಲಕ್ಕಿ ಆಯಿತು, ಚಹಾ ಬಂತು. ಸುನಂದಾ ಒಂದು ಹಾಡೂ ಹಾಡಿದಳು. ಹುಡುಗನ ತಾಯಿಯ ಮುಖ ಅರಳಿತು. "ಏನ್ ಕಲಿಯಾಕತ್ತೀ ತಂಗಿ?"

"ಬಿ.ಎ. ರೀ."

ಅಣ್ಣ ನಿಟ್ಟುಸಿರು ಬಿಟ್ಟ. ಸ್ವಲ್ಪ ಬೇಗನೇ ಬಿಟ್ಟ.

"ಬಿ.ಎಸ್ಸಿ.ನೂ ರೀ. ಎರಡೂ ಕೂಡೇ ಕಲಿಯಾಕತ್ತೇನಿ. ಯಾವುದನ್ನೂ ಬಿಡೂ ಮನಸಿಲ್ರಿ."

ಹುಡುಗನ ತಂದೆ ಚಹಾದ ಬಶಿಯನ್ನು ತುಟಿಯ ಹತ್ತಿರವೇ ಹಿಡಿದು ಕುಳಿತರು. ಅಣ್ಣ ತಲೆಯೆತ್ತಿ ಮಾಳಿಗೆಯ ಜಂತಿ ಎಣಿಸತೊಡಗಿದ. ನನಗೋ, ಎದ್ದು ಹೋಗಿ ಅವಳ ಬೆನ್ನು ತಟ್ಟಬೇಕೆನಿಸಿತು. ಅಷ್ಟು ಹೆಮ್ಮೆಯಾಗಿತ್ತು. (ತಟ್ಟಲಿಲ್ಲ. ಅಣ್ಣ ಎದುರಿಗೇ ಇದ್ದ.)

"ಮುಗಿಯಾಕ ಎಷ್ಟ ದಿನಾ ಬೇಕು?" ಹುಡುಗನ ತಾಯಿ ಕೇಳಿದರು.

"ಇನ್ನೂ ಎರಡು ವರ್ಷ ರೀ."

"ಎರಡು ವರ್ಷಾ! ಅಲ್ಲೀತನಕಾ ನಮ್ಮ ಹುಡುಗ ಏನ್ ಮಾಡಬೇಕವಾ?"

ಉತ್ತರ ಅಡಿಗೆಮನೆಯ ಬಾಗಿಲಿನಿಂದ ಬಂತು. ಅಲ್ಲಿ ನಮ್ಮವ್ವ ನಿಂತಿದ್ದಳು. ಬೆಳಗಿನಿಂದ ಮಗನ ಲೆಕ್ಕಾಚಾರ ಕೇಳಿಯೂ ಕೇಳದವಳ ಹಾಗೆ ಅವಲಕ್ಕಿಗೆ ಒಗ್ಗರಣೆ ಹಾಕಿದವಳು.

"ಅವರೂ ಇನ್ನೊಂದು ಡಿಗ್ರಿ ಮಾಡಲಿ ರೀ. ಖಾಲಿ ಯಾಕ ಕುಂದರಬೇಕು?"

ಮೊದಲು ನಕ್ಕವನು ಹುಡುಗ. ಮಗ ನಕ್ಕ ಮೇಲೆ ತಾಯಿ ನಗದಿರಲಾದೀತೇ? ತಂದೆಯೂ ಬಶಿ ಕೆಳಗಿಟ್ಟು ನಕ್ಕರು. ಕಾಯುತ್ತೇವೆ, ಹುಡುಗಿ ಎರಡನ್ನೂ ಮುಗಿಸಲಿ ಎಂದು ಹೇಳಿಯೇ ಎದ್ದರು. ಸುನಂದಾ ಒಳಗೆ ಹೋಗಿ ಅಜ್ಜಿಯ ಕೊರಳಿಗೆ ಬಿದ್ದಳು.

ಹೆಣ್ಣುಮಕ್ಕಳ ವಿದ್ಯೆಗೆ ಹುಡುಗರು ಹೆದರುತ್ತಾರೋ ಇಲ್ಲವೋ, ಹುಡುಗರು ಹೆದರಿಯಾರು ಎಂದು ನಾವು ಹಿರಿಯರು ಮಾತ್ರ ಮೊದಲೇ ಹೆದರಿ ಕುಳಿತಿರುತ್ತೇವೆ.

ಬಸ್ಸಿನತನಕ ಕಳಿಸಲು ನಾನು ಹೋದೆ. ತಂದೆ ತಾಯಿ ಹತ್ತಿದ ಮೇಲೆ ಹುಡುಗ ನನ್ನನ್ನು ಬದಿಗೆ ಕರೆದು, ಮೆಲ್ಲಗೆ ಕೇಳಿದ:

"ಕಾಕಾ, ಬಿ.ಎ.ದಾಗ ಯಾವ ವಿಷಯ ಹಗುರ ಇರತಾವ್ರಿ?"