ಕರು ಕುಡಿದ ನೀರು

ಮುದ್ದೇಬಿಹಾಳದಲ್ಲಿ ನಮ್ಮ ಮನೆಗೂ ಭಾವನ ಮನೆಗೂ ಅಂಗಳ ಒಂದೇ. ಮನೆ ಪಾಲಾದ ಮೇಲೆ ಮಾತು ನಿಂತಿತ್ತು. ಒಮ್ಮೆ ಅವರ ಆಕಳಿಗೆ ನಾನು ಮುಸುರೆ ಇಟ್ಟಿದ್ದಕ್ಕೆ ಭಾವನ ಹೆಂಡತಿ, ನನ್ನ ನೆಗೆಣ್ಣಿ, ಬಕೆಟ್ಟು ತಂದು ನನ್ನ ಹೊಸ್ತಿಲ ಮೇಲೇ ಸುರುವಿದ್ದಳು. ಅಂದಿನಿಂದ ಅವರ ದನಗಳ ಕಡೆ ನಾನು ತಿರುಗಿ ನೋಡುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವರೆಲ್ಲ ಸಿಂದಗಿಗೆ ಮದುವೆಗೆಂದು ಮೊದಲ ಬಸ್ಸಿಗೇ ಹೋದರು. ಆಕಳು ಹೊಲದಲ್ಲಿತ್ತು. ಆರು ತಿಂಗಳ ಕರು ಮಾತ್ರ ಅಂಗಳದ ಗೂಟದಲ್ಲಿತ್ತು. ಅದರ ಮುಂದೆ ಹನಿ ನೀರಿರಲಿಲ್ಲ. ಹನ್ನೊಂದಕ್ಕೆಲ್ಲ ನೆರಳು ಸರಿದು ಅದು ಒದರತೊಡಗಿತು. ಅವರ ಕರು, ಒದರಲಿ ಎಂದು ನಾನು ಕಿಟಕಿ ಹಾಕಿಕೊಂಡೆ. ಆ ಸಿಟ್ಟಿನಲ್ಲಿ ಒಂದು ಸುಖವೂ ಇತ್ತು, ಸುಳ್ಳೇಕೆ ಹೇಳಲಿ.

ನಾಲ್ಕರ ಹೊತ್ತಿಗೆ ಕರು ಸುಮ್ಮನಾಯಿತು. ಆಗ ಹೆದರಿದೆ. ಎರಡು ಬಕೆಟ್ ನೀರು ಒಯ್ದಿಟ್ಟೆ. ತಲೆ ಎತ್ತದೆ ಎರಡನ್ನೂ ಖಾಲಿ ಮಾಡಿತು.

ಸಂಜೆ ಅವರು ಬಂದಾಗ ಕರು ನಡುಗುತ್ತಿತ್ತು. ಉಚ್ಚೆ ಕೆಂಪಗಿತ್ತು. ಭಾವ ನನ್ನ ಖಾಲಿ ಬಕೆಟ್ಟು ನೋಡಿದರು.

“ನೀರಾಗ ಏನ್ ಹಾಕಿದಿ?”

“ಬರೇ ನೀರಷ್ಟ ಇಟ್ಟೇನ್ರಿ.”

“ಸಾಲ್ಯಾಗ ವಿಜ್ಞಾನ ಕಲಸಾಕಿ ನೀ. ಯಾವ ವಿಷ ಹೆಂಗ ಅಂತ ನಿನಗ ಗೊತ್ತಿರತೈತಿ.”

ಓಣಿಯವರೆಲ್ಲ ಕೂಡಿದರು. ನನ್ನ ಗಂಡ ಬಾಗಿಲಲ್ಲೇ ನಿಂತಿದ್ದರು, ಅಂಗಳಕ್ಕೆ ಇಳಿಯಲಿಲ್ಲ.

ದನದ ಡಾಕ್ಟರು ಬಂದು ಕರುವನ್ನು ನೋಡಿ, ಯಾವಾಗ ಕಟ್ಟಿದ್ದು, ಎಷ್ಟು ಕುಡಿಯಿತು ಎಂದು ವಿಚಾರಿಸಿದರು.

“ವಿಷ ಅಲ್ರಿ ಇದು. ಇಡೀ ದಿನ ಬಾಯಾರಿದ ಕರು ಒಮ್ಮಿಗೇ ಅಷ್ಟು ಕುಡದ್ರ ರಕ್ತ ತೆಳ್ಳಗಾಗತೈತಿ. ರಕ್ತದ ಕಣ ಆ ನೀರು ಎಳಕೊಂಡು, ಉಬ್ಬಿ ಒಡೀತಾವ. ಅದ ಕೆಂಪು ಉಚ್ಚ್ಯಾಗ ಬರಾಕತ್ತೈತಿ.”

ನನಗೆ ಮುಖಕ್ಕೆ ಹೊಡೆದಂತಾಯಿತು. ಪ್ರತಿವರ್ಷ ಒಂಬತ್ತನೇ ತರಗತಿಗೆ ನಾನೇ ಕಲಿಸುವ ಅಭಿಸರಣದ ಪಾಠ ಅದು. ಉಳ್ಳಾಗಡ್ಡಿಯ ಪದರನ್ನು ನೀರಿಗೆ ಹಾಕಿದರೆ ಜೀವಕೋಶ ಉಬ್ಬುತ್ತದೆ, ಆದರೆ ಹೊರಗಿನ ಗಟ್ಟಿ ಕೋಶಭಿತ್ತಿ ಅದನ್ನು ಒಡೆಯಗೊಡುವುದಿಲ್ಲ. ಪ್ರಾಣಿಯ ಕೋಶಕ್ಕೆ ಆ ಭಿತ್ತಿ ಇಲ್ಲ. ಇಷ್ಟೆಲ್ಲ ಬೋರ್ಡಿನ ಮೇಲೆ ಬರೆದವಳು ಸ್ವಲ್ಪಸ್ವಲ್ಪವೇ ಕುಡಿಸಬೇಕೆಂದು ಯೋಚಿಸಿರಲಿಲ್ಲ.

ಡಾಕ್ಟರು ಉಪ್ಪಿನಂಶ ಹೆಚ್ಚಿರುವ ಸಲೈನ್ ಏರಿಸಿದರು. ಒಡೆಯದೆ ಉಳಿದ ಕಣಗಳಿಂದ ಅದು ನೀರನ್ನು ಹೊರಗೆಳೆಯುತ್ತದೆ ಎಂದರು.

“ಅಂದ್ರ ಇಕೀ ನೀರಿನಿಂದನ ಆತು, ಹೌದಲ್ರಿ?” ಎಂದರು ಭಾವ.

“ಮುಂಜಾನೆ ನೀವು ನೀರಿಟ್ಟು ಹೋಗಿದ್ರ ಇದು ಆಗತಿರ್ಲಿಲ್ರಿ.”

ಎರಡು ದಿನಕ್ಕೆ ಕರು ಮೇವಿಗೆ ಬಾಯಿ ಹಾಕಿತು. ವಿಷ ಎಂದಿದ್ದು ತಪ್ಪಾಯಿತೆಂದು ಭಾವ ಹೇಳಲಿಲ್ಲ, ನಾಲ್ಕರವರೆಗೂ ನಾನು ಬೇಕೆಂದೇ ಸುಮ್ಮನಿದ್ದುದನ್ನು ನಾನೂ ಹೇಳಲಿಲ್ಲ. ನನ್ನ ಕೈನೀರಿಗೆ ಕರುವಿನ ರಕ್ತ ಒಡೆಯಿತೆಂದು ನೆಗೆಣ್ಣಿ ಸಂತೆಯ ತುಂಬ ಹೇಳಿಕೊಂಡು ಬಂದಳು. ಅದರಲ್ಲಿ ಸುಳ್ಳಿರಲಿಲ್ಲ, ಹಾಗಾಗಿ ನನಗೆ ಇನ್ನಷ್ಟು ಉರಿಯಿತು. ಈಗ ಅವಳು ಎದುರು ಬಂದರೆ ನಾನು ರಸ್ತೆ ದಾಟುತ್ತೇನೆ. ಅವಳೂ ದಾಟುತ್ತಾಳೆ. ಒಮ್ಮೊಮ್ಮೆ ಇಬ್ಬರೂ ಏಕಕಾಲಕ್ಕೆ ದಾಟಿ ಮತ್ತೆ ಎದುರುಬದುರಾಗುತ್ತೇವೆ.