ಸೈರಗುಲ್ ಗಾಡಿ ನಿಲ್ಲಿಸಿದ್ದು

ದೂರದ ಬೆಟ್ಟನಾಡಿನ ನರೀನ್ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ಸೈರಗುಲ್ ಬೋರ್ಸೋಕ್ ಕರಿಯಲು ನಿಂತಳೆಂದರೆ ಪಾಠ ಕೇಳುವ ಮಕ್ಕಳ ಮೂಗೆಲ್ಲ ಕಿಟಕಿಯ ಕಡೆಗೆ ತಿರುಗುತ್ತಿತ್ತು. ದಿಂಬಿನಂತೆ ಉಬ್ಬಿದ, ಬಿಸಿಬಿಸಿಯಾದ ಆ ಹಿಟ್ಟಿನ ತುಂಡುಗಳ ವಿಷಯದಲ್ಲಿ ಅವಳ ಕೈ ಎಂದೂ ತಪ್ಪಿದ್ದಿಲ್ಲ. ಆದರೆ ಒಲೆ ಬಿಟ್ಟು ಬೇರೇನಾದರೂ ಹೊಸದಾಗಿ ಕಲಿಯಬೇಕು ಎಂದರೆ ಸಾಕು, ಏನಾದರೊಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದಳು. ಚಿಕ್ಕಂದಿನಲ್ಲಿ ಲೆಕ್ಕದ ಮೇಡಂ ಇಡೀ ತರಗತಿಯ ಮುಂದೆ ಅವಳನ್ನು ಮರದ ಕೊರಡು ಎಂದು ಕರೆದಿದ್ದಳು. ಆಮೇಲೆ ಆ ಮಾತು ಸೈರಗುಲ್‌ಳ ಬೆನ್ನು ಬಿಟ್ಟಿರಲಿಲ್ಲ.

ನಲವತ್ತಾರು ದಾಟಿದ ಮೇಲೆ ಅವಳು ಕಾರು ಕಲಿಯಲು ಹೊರಟದ್ದು ಬೇರೆ ದಾರಿಯಿಲ್ಲದೆ. ಗಂಡ ಜುಮಾದಿಲ್‌ನ ಕಣ್ಣು ಮಂದವಾಗುತ್ತಾ ಬಂದು, ಒಮ್ಮೆ ಅವನು ಪಕ್ಕದ ಮನೆಯ ಬೇಲಿಯನ್ನೇ ಗೇಟು ಎಂದುಕೊಂಡು ಕಾರು ನುಗ್ಗಿಸಿದ್ದ. ಅಂದಿನಿಂದ ಅವರ ಹಳೆಯ ನೀವಾ ಕಾರು ಅಂಗಳದಲ್ಲೇ ಠಿಕಾಣಿ ಹೂಡಿತ್ತು. ಬೇಸಿಗೆಯಲ್ಲಿ ಬೆಟ್ಟದ ಹುಲ್ಲುಗಾವಲಿಗೆ ಹೋಗುವುದೂ ನಿಂತಿತು.

"ನಾನು ಕಲೀತೀನಿ" ಎಂದಳು ಸೈರಗುಲ್, ಒಂದು ಸಂಜೆ ಚಹಾ ಬಗ್ಗಿಸುತ್ತಾ.

ಗಂಡನ ಅಕ್ಕ ಬುರುಲ್ಚ ಅಲ್ಲೇ ಕೂತಿದ್ದಳು. ಬಾಯಿಯಲ್ಲಿದ್ದ ಚಹಾ ಮೂಗಿಗೆ ಹತ್ತುವಷ್ಟು ನಕ್ಕಳು. "ನೀನಾ? ಸಂತೇಲಿ ನೆಟ್ಟಗೆ ನಡಿಯೋಕೆ ಬರಲ್ಲ, ನಾಲ್ಕು ಚಕ್ರ ಬೇರೆ ಕೇಡು!"

"ಕಲೀಲಿ ಬಿಡಕ್ಕ" ಎಂದ ಜುಮಾದಿಲ್. "ಬೇಲಿಗೆ ನುಗ್ಗಿಸೋ ಅಷ್ಟಾದ್ರೂ ಬಂದ್ರೆ ನನ್ನ ಸಮಕ್ಕೆ ಬಂದ ಹಾಗೆ."

ಡ್ರೈವಿಂಗ್ ಕಲಿಸುವವನು ಎಸೆನ್‌ಕುಲ್. ಊರೆಲ್ಲ ಅವನನ್ನು ಅಗಾಯ್ ಎನ್ನುತ್ತಿತ್ತು, ಅಂದರೆ ಮೇಷ್ಟ್ರು. ಕಲಿಯಲು ಬಂದವರೆಲ್ಲ ತನ್ನ ಆಯುಷ್ಯ ಕಡಿಮೆ ಮಾಡಲೆಂದೇ ಹುಟ್ಟಿದವರು ಎಂಬುದು ಅವನ ಗಟ್ಟಿ ನಂಬಿಕೆ. ಮೊದಲ ದಿನವೇ ಕಾರು ಜರ್ಕು ಹೊಡೆದು ನಿಂತಿತು.

"ಏನಮ್ಮಾ, ಸ್ಟೇರಿಂಗ್‌ನ ಹಿಟ್ಟು ನಾದೋ ಹಾಗೆ ನಾದ್ತಿದ್ದೀಯಲ್ಲ! ತಲೇಲಿ ಮಿದುಳಿದೆಯೋ, ಇಲ್ಲ ಮೊಸರು ಹೆಪ್ಪು ಹಾಕಿದ್ದೀಯೋ?"

ಹಿಂದಿನ ಸೀಟಿನಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ತಲೆ ತಗ್ಗಿಸಿದರು. ಸೈರಗುಲ್‌ಳ ಕಾಲು ಕ್ಲಚ್ಚಿನ ಮೇಲೇ ಮರಗಟ್ಟಿತು. ಮರುದಿನ ಶಾಲೆಯ ಉಗ್ರಾಣದಲ್ಲಿ ಹಿಟ್ಟಿನ ಮೂಟೆಗೆ ಒರಗಿ ಒಂದಿಷ್ಟು ಅತ್ತಳು. ಆಮೇಲೆ ಮುಖ ತೊಳೆದು ಈ ಮನುಷ್ಯನನ್ನು ನಿಭಾಯಿಸುವ ಬಗೆ ಯೋಚಿಸಿದಳು.

ಮೊದಲು ಎದುರುತ್ತರ ಕೊಟ್ಟು ನೋಡಿದಳು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಆಮೇಲೆ ಬಟ್ಟೆಯಲ್ಲಿ ಬೋರ್ಸೋಕ್ ಕಟ್ಟಿಕೊಂಡು ಹೋದಳು. ಅಗಾಯ್ ಒಂದನ್ನೂ ಬಿಡದೆ ತಿಂದ. ತಿಂದುಕೊಂಡೇ ಬೈದ. ಬೈಗುಳದ ಜೊತೆಗೆ ಪುಡಿಯೂ ಹಾರಿತು, ಅಷ್ಟೇ ವ್ಯತ್ಯಾಸ.

ಒಂದು ಬೆಳಿಗ್ಗೆ ನದಿಯ ಪಕ್ಕದ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿತು. ಅಗಾಯ್ ತನ್ನ ಕಡೆಯ ಬ್ರೇಕು ತುಳಿದು ಕಿರುಚಿದ: "ಮರದ ಕೊರಡು! ಕೊರಡನ್ನ ಕೂರಿಸಿದ್ರೂ ಇದಕ್ಕಿಂತ ವಾಸಿ!"

ಆ ಮಾತು ಕೇಳಿದ್ದೇ ಸೈರಗುಲ್‌ಗೆ ವಿಚಿತ್ರವಾಗಿ ನಗು ಬಂತು. ಅಯ್ಯೋ, ಬೈಯುವವರ ಹತ್ತಿರವೂ ಹೊಸ ಮಾತಿಲ್ಲವೇ! ಅಂದು ಆ ಮೇಡಂಗೂ ನನ್ನ ವಿಷಯ ಏನೂ ಗೊತ್ತಿರಲಿಲ್ಲ, ಇಂದು ಇವನಿಗೂ ಗೊತ್ತಿಲ್ಲ ಎನಿಸಿತು. ಅವಳು ನಿಧಾನವಾಗಿ ಹ್ಯಾಂಡ್‌ಬ್ರೇಕು ಎಳೆದು, ಎಂಜಿನ್ ಆರಿಸಿ, ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡಳು.

"ಯಾಕೆ ನಿಲ್ಸಿದೆ?"

"ಅಗಾಯ್, ನಾನು ಮಾಡಿದ್ದು ಏನು ತಪ್ಪು ಅಂತ ಹೇಳಿ. ನಾನು ಎಂಥವಳು ಅನ್ನೋದನ್ನ ನಮ್ಮನೆಯವರ ಅಕ್ಕ ದಿನಾ ಬಿಟ್ಟಿಯಾಗಿ ಹೇಳ್ತಾರೆ. ಅದಕ್ಕೆ ಇಲ್ಲೀತನಕ ಬರಬೇಕಾಗಿಲ್ಲ."

"ಕೀಲಿ ಕೊಡು."

"ಕೊಡ್ತೀನಿ. ಮೊದಲು ತಪ್ಪು ಹೇಳಿ."

ಬೆಟ್ಟದಿಂದ ಇಳಿದ ಕುರಿಮಂದೆಯೊಂದು ಕಾರನ್ನು ಬಳಸಿಕೊಂಡು ಹೋಗತೊಡಗಿತು. ಇಳಿದು ಹೋಗೋಣವೆಂದರೆ ಅಗಾಯ್‌ಗೆ ಬಾಗಿಲು ತೆಗೆಯಲೂ ಜಾಗವಿಲ್ಲ. ಕುರಿಗಳನ್ನು ನೋಡಿದ, ಗಡಿಯಾರ ನೋಡಿದ, ಕೊನೆಗೆ ಗೊಣಗಿದ: "ಕ್ಲಚ್ಚು ದಿಢೀರ್ ಅಂತ ಬಿಡ್ತೀಯ. ನಿಧಾನಕ್ಕೆ ಬಿಟ್ರೆ ಎಂಜಿನ್ ಸದ್ದು ಸ್ವಲ್ಪ ದಪ್ಪ ಆಗುತ್ತೆ, ಕಾರಿನ ಮೂತಿ ಮೇಲೇಳುತ್ತೆ, ಆಮೇಲೆ ಹ್ಯಾಂಡ್‌ಬ್ರೇಕ್ ಬಿಡಬೇಕು."

"ಇಷ್ಟೇನಾ?"

"ಇಷ್ಟೇ."

"ಇದನ್ನ ಮೊದಲೇ ಹೇಳಬಾರದಿತ್ತಾ ಅಗಾಯ್?"

ಕುರಿಗಳು ದಾಟಿದವು. ಸೈರಗುಲ್ ಎಂಜಿನ್ ಚಾಲೂ ಮಾಡಿ ಸದ್ದಿಗೆ ಕಿವಿಗೊಟ್ಟಳು. ಕಾರು ಒಂದು ಗೇಣೂ ಜಾರದೆ ಏರು ಹತ್ತಿತು. ಹಿಂದೆ ಕೂತವರಲ್ಲಿ ಒಬ್ಬಳು ಚಪ್ಪಾಳೆ ತಟ್ಟಲು ಹೋಗಿ, ಅಗಾಯ್ ತಿರುಗಿದ್ದನ್ನು ಕಂಡು ಚಳಿಗೆ ಕೈ ಉಜ್ಜಿಕೊಳ್ಳುವವಳಂತೆ ನಟಿಸಿದಳು.

ಒಂದೇ ದಿನಕ್ಕೆ ಮನುಷ್ಯ ಬದಲಾಗುತ್ತಾನೆಯೇ? ಮರುದಿನವೂ ಬೈದ. ಸೈರಗುಲ್ ಮತ್ತೆ ಗಾಡಿ ನಿಲ್ಲಿಸಿದಳು. ಸಿಟ್ಟಿಲ್ಲ, ಅಳುವಿಲ್ಲ, ಬಸ್ಸಿಗೆ ಕಾಯುವವಳಂತೆ ತಣ್ಣಗೆ ಕೂತಳು. ಅದನ್ನು ನೋಡಿ ಉಳಿದ ಹೆಂಗಸರೂ ತಮ್ಮ ಸರದಿಯಲ್ಲಿ ಹಾಗೇ ನಿಲ್ಲಿಸತೊಡಗಿದರು. ಒಬ್ಬಳಂತೂ ಬೈಗುಳ ಬರುವ ಮೊದಲೇ ನಿಲ್ಲಿಸಿ, "ನೀವು ಬಾಯಿ ತೆಗೆದ್ರಿ, ಅದಕ್ಕೆ" ಎಂದಳು. "ಆಕಳಿಸ್ತಿದ್ದೆ ಕಣಮ್ಮ!" ಎಂದು ಅಗಾಯ್ ಗೋಳಾಡಿದ. ಬರಬರುತ್ತಾ ಅವನ ಬೈಗುಳ ಕುಗ್ಗಿತು, ಪಾಠ ಹಿಗ್ಗಿತು.

ಮೊದಲ ಪರೀಕ್ಷೆಯಲ್ಲಿ ಸೈರಗುಲ್ ಫೇಲಾದಳು. ಕಾರನ್ನು ಹಿಂದಕ್ಕೆ ತೆಗೆದು ನಿಲ್ಲಿಸುವಾಗ ಚಕ್ರ ಗೆರೆ ಮುಟ್ಟಿತ್ತು. ಬುರುಲ್ಚ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಆ ಸುದ್ದಿ ಹಂಚಿದಳು. ಸೈರಗುಲ್ ಎರಡು ದಿನ ಕಾರಿನ ಕಡೆಗೇ ಸುಳಿಯಲಿಲ್ಲ. ಮೂರನೆಯ ದಿನ ಅಗಾಯ್‌ನ ಮುಂದೆ ಹೋಗಿ ನಿಂತಳು.

ಅವನು ಏನೋ ಅನ್ನಲು ಹೋಗಿ ನುಂಗಿಕೊಂಡ. "ಸ್ಟೇರಿಂಗ್ ಅರ್ಧ ಸುತ್ತು ತಡವಾಗಿ ತಿರುಗಿಸಿದೆ. ಬಾ, ಇನ್ನೊಂದ್ಸಲ ನೋಡೋಣ."

ಎರಡನೆಯ ಸಲ ಪಾಸಾದಳು. ಬುರುಲ್ಚ ಮೂಗು ಮುರಿದಳು: "ಈಗೀಗ ಎಲ್ರಿಗೂ ಲೈಸೆನ್ಸ್ ಕೊಡ್ತಾರೆ ಬಿಡು."

"ಹೌದು ಎಜೆ, ನೀವೂ ಒಂದು ತಗೊಳ್ಳಿ" ಎಂದಳು ಸೈರಗುಲ್. ಎಜೆ ಅಂದರೆ ಅಕ್ಕ; ಅದನ್ನು ಅಷ್ಟೇ ಅಕ್ಕರೆಯಿಂದ ಅಂದಳು.

ಆ ಶರತ್ಕಾಲದಲ್ಲಿ ಒಂದು ಮದುವೆಯೂಟದಲ್ಲಿ ಅಗಾಯ್ ಅವಳ ಪಕ್ಕಕ್ಕೇ ಬಂದು ಕೂತ. ಮಾಂಸದ ಸಾರು ಹೀರುತ್ತಾ, ಯಾರೂ ಕೇಳದೆಯೇ ಹೇಳಿದ: "ನನಗೆ ಸೈನ್ಯದಲ್ಲಿ ಲಾರಿ ಕಲಿಸಿದವನು ಗೇರ್ ತಪ್ಪಿದಾಗಲೆಲ್ಲ ಸ್ಪ್ಯಾನರಲ್ಲಿ ಮೊಣಕಾಲಿಗೆ ಹೊಡೀತಿದ್ದ. ಕಲಿಸೋದು ಅಂದ್ರೆ ಹಾಗೇ ಅಂದ್ಕೊಂಡಿದ್ದೆ."

"ಹೊಡೆದಿದ್ದಕ್ಕೆ ಕಲಿತ್ರಾ ಅಗಾಯ್?"

ಅವನು ಬಟ್ಟಲು ಕೆಳಗಿಟ್ಟ. "ಇಲ್ಲ. ಲಾರಿ ಅಂದ್ರೆ ನನಗೆ ಪ್ರಾಣ. ಅದಕ್ಕೇ ಕಲಿತೆ."

ಸೈರಗುಲ್ ತನ್ನ ತಟ್ಟೆಯ ಒಳ್ಳೆಯ ಮಾಂಸದ ತುಂಡೊಂದನ್ನು ಅವನ ತಟ್ಟೆಗೆ ದಾಟಿಸಿದಳು.

ಈಗ ಬೇಸಿಗೆ ಬಂತೆಂದರೆ ಅವಳೇ ಜುಮಾದಿಲ್‌ನನ್ನು ಕೂರಿಸಿಕೊಂಡು ಬೆಟ್ಟ ಹತ್ತುತ್ತಾಳೆ. ಅವನು ಕಣ್ಣು ಕಿರಿದು ಮಾಡಿ ದಾರಿ ತೋರಿಸುತ್ತಾನೆ.

"ನಿಧಾನ, ಎಡಗಡೆ ಕುದುರೆ ಇದೆ!"

"ಅದು ಬಂಡೆ ಕಣ್ರೀ."

"ಬಂಡೆನಾ? ಮತ್ತೆ ಬಾಲ ಅಲ್ಲಾಡಿಸ್ತಲ್ಲ?"

ಸೈರಗುಲ್ ನಗುತ್ತಾ ಗೇರ್ ಬದಲಿಸುತ್ತಾಳೆ. ಮುಂದಿನ ತಿರುವು ದಾಟಿದರೆ ಹಸಿರೋ ಹಸಿರು.