ಅಕ್ಕೋರು ಹೊರಗಿದ್ದ ದಿನಗಳು

ಒಂದು ಪ್ರಶ್ನೆ ಕೇಳಲೇ? ನಿಮ್ಮ ಮನೆಯ ಹೆಂಗಸರಿಗೆ ತಿಂಗಳಲ್ಲಿ ಎಷ್ಟು ದಿನ ರಕ್ತ ಹೋಗುತ್ತದೆ, ಗೊತ್ತೇ? ನೋಡಿ, ಆಗಲೇ ಮುಖ ಆಚೆ ತಿರುಗಿತು! ಎಂಬತ್ತು ದಾಟಿದ ಅಜ್ಜಿ ನಾಚದೆ ಬರೆಯುತ್ತಿರುವಾಗ ಓದುವ ನಿಮಗೆಂತ ನಾಚಿಕೆ?

ಇವತ್ತು ಬೆಳಿಗ್ಗೆ ಗ್ಯಾಸಿನ ಮೇಲೆ ತೊಗರಿಬೇಳೆ ಇಟ್ಟು ಫೋನು ಹಿಡಿದು ಕೂತಿದ್ದೆ. ಟೈಪು ಮಾಡುವುದನ್ನು ಮೊಮ್ಮಗಳು ಈಚೆಗೆ ಕಲಿಸಿದ್ದಾಳೆ. ‘ಳ’ ಬೇಕೆಂದು ಒತ್ತಿದರೆ ‘ಲ’ ಬರುತ್ತದೆ, ಅಳಿಸಲು ಹೋದರೆ ಬರೆದದ್ದೆಲ್ಲ ಮಾಯ. ಅವಳಿಗೆ ಒಂದು ಸಾಲು ಕಳಿಸುವಷ್ಟರಲ್ಲಿ ಬೇಳೆ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ಪಾತ್ರೆ ಇಳಿಸಲು ಓಡುವ ಬದಲು ನಾನು ಅಂದುಕೊಂಡದ್ದೇನು ಗೊತ್ತೇ? ‘ಓ, ಅಕ್ಕೋರು ಹೊರಗಾದರು.’ ನನಗೆ ಈಗ ಕನ್ನಡಕ ಎಲ್ಲಿಟ್ಟೆನೆಂದು ನೆನಪಿರುವುದಿಲ್ಲ. ಮೂಗಿಗೆ ಮಾತ್ರ ಇನ್ನೂ ಮರೆವು ಬಂದಿಲ್ಲ...

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಮಂಚಿಕೇರಿಯಿಂದ ಮದುವೆಯಾಗಿ ಶಿರಸಿ ಪೇಟೆಯ ಓಣಿಯೊಂದಕ್ಕೆ ಬಂದ ಹೊಸತು. ಪಕ್ಕದ ಮನೆಯಲ್ಲಿ ಹೆಣ್ಣುಮಕ್ಕಳ ಶಾಲೆಯ ಅಕ್ಕೋರಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಹಾಗೆಯೇ ಕರೆಯುವುದು. ಮದುವೆಯಾಗಿರಲಿಲ್ಲ. ಹೆಂಡತಿ ತೀರಿಹೋದ ಅಣ್ಣನ ಜೊತೆ ಇದ್ದರು. ಅಣ್ಣನಿಗೆ ಕೋರ್ಟಿನಲ್ಲಿ ಗುಮಾಸ್ತನ ಕೆಲಸ.

ಆಗೆಲ್ಲ ಮುಟ್ಟಾದವರು ಮೂರು ದಿನ ಒಳಗೆ ಬರುವ ಹಾಗಿರಲಿಲ್ಲ. ಹಿಂದಿನ ಜಗುಲಿಯಲ್ಲಿ ಬೇರೆ ಕಂಬಳಿ, ಬೇರೆ ತಟ್ಟೆ, ಬೇರೆ ಚೊಂಬು. ಆ ದಿನಗಳಲ್ಲಿ ಅಡುಗೆ ಅಣ್ಣನದು. ಆತ ಬೇಳೆ ಒಲೆಯ ಮೇಲಿಟ್ಟು ಪೇಪರು ಓದಲು ಕೂತರೆ ಮುಗಿಯಿತು, ಓಣಿಗೆಲ್ಲ ಸುದ್ದಿ. ಡಂಗುರ ಬೇಕಿರಲಿಲ್ಲ. ಹಾಲು ತರುವವನು ಕೂಡ ವಾಸನೆ ನೋಡಿ ಪಾತ್ರೆಯನ್ನು ಮೆಟ್ಟಿಲ ಮೇಲೆ ದೂರವೇ ಇಟ್ಟು ಹೋಗುತ್ತಿದ್ದ.

ಆದರೆ ಅಕ್ಕೋರದು ಮೂರು ದಿನಕ್ಕೆ ಮುಗಿಯುತ್ತಿರಲಿಲ್ಲ. ವಾರ ಕಳೆದರೂ ಕಂಬಳಿ ಹೊರಗೇ ಇರುತ್ತಿತ್ತು. ಬಾವಿಕಟ್ಟೆಯಲ್ಲಿ ನಮಗೆ ಅದೇ ತಮಾಷೆ.

“ಅಕ್ಕೋರು ಒಳಗೆ ಬಂದ್ರನೇ?”

“ಎಲ್ಲಿಂದ ಬತ್ರೇ! ವಾಸನೆ ಬತ್ತಾ ಇದ್ದು, ಮೂಗಿಲ್ಯ ನಿಂಗೆ?”

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನೇ. ಅಕ್ಕೋರೂ ಜಗುಲಿಯಿಂದಲೇ ನಗುತ್ತಿದ್ದರು. ಮುಖ ಮಾತ್ರ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿಚಿರುತ್ತಿತ್ತು.

ಅವರಿಗೆ ಉಬ್ಬಸವೂ ಇತ್ತು. ಶಾಲೆಯ ಏರು ಹತ್ತುವಾಗ ನಡುವೆ ನಿಂತು, ಯಾರಾದರೂ ನೋಡಿದರೆ ಸೆರಗು ಸರಿಮಾಡಿಕೊಳ್ಳುವ ನಾಟಕ. ಮಗ್ಗಿ ಹೇಳಿಕೊಡುವಾಗ ಅರ್ಧಕ್ಕೇ ಉಸಿರು ಮುಗಿದರೆ “ಮುಂದಿನದ್ದು ಯಾರು ಹೇಳ್ತ್ರಿ?” ಎಂದು ಮಕ್ಕಳ ಮೇಲೆ ಹಾಕುತ್ತಿದ್ದರಂತೆ. ಕೊನೆಗೆ ಪೇಟೆಯ ಡಾಕ್ಟರು ಎದೆಗೆ ನಳಿಗೆ ಇಟ್ಟು ನೋಡಿದರು. ಚಿಕ್ಕಂದಿನಲ್ಲಿ ಬಂದ ಕೀಲುಜ್ವರದಿಂದ ಹೃದಯದ ಒಳಗಿನ ಒಂದು ಬಾಗಿಲು ಅಂಟಿಕೊಂಡಿದೆ, ಮುಂಬಯಿಯಲ್ಲಿ ಎದೆ ತೆರೆದು ಬೆರಳು ಹಾಕಿ ಅದನ್ನು ಬಿಡಿಸುತ್ತಾರೆ ಎಂದರು. ನಾವೆಲ್ಲ ಬೇಡವೇ ಬೇಡ ಎಂದೆವು. ಅಕ್ಕೋರಿಗೆ ಮಾತ್ರ ಹಬ್ಬ. “ಬಂದವ್ಳೇ ಹದಿನಾರರ ಮಗ್ಗಿ ಒಂದೇ ಉಸಿರಿಗೆ ಹೇಳ್ತೆ, ನೋಡ್ತಿರು” ಎಂದಿದ್ದರು.

ಹೊರಡುವ ಮೊದಲು ಆ ಡಾಕ್ಟರು ಇನ್ನೊಮ್ಮೆ ಕರೆಸಿದರು. ಎದೆ ತೆರೆಯುವ ಮುಂಚೆ, ಇವರದು ರಕ್ತ ತಾನಾಗಿ ನಿಲ್ಲುವ ಮೈಯೋ ಅಲ್ಲವೋ ತಿಳಿಯಬೇಕಿತ್ತಂತೆ. ಸಂಜೆ ಬಾವಿಕಟ್ಟೆಯಲ್ಲಿ ಅಕ್ಕೋರು ನನ್ನೆದುರು ಅದನ್ನೆಲ್ಲ ಆಡಿ ತೋರಿಸಿದರು. ಡಾಕ್ಟರು ಧಾರವಾಡದ ಕಡೆಯವರು, ಅವರ ಧ್ವನಿಯಲ್ಲೇ ಶುರು ಮಾಡಿದರು.

“‘ಹಲ್ಲು ಕಿತ್ತಾಗ ರಕ್ತ ನಿಲ್ಲಾಕ ಭಾಳ ಹೊತ್ತಾತೇನ್ರಿ? ಮೂಗಿನಾಗ ಬರ್ತೈತೇನ್ರಿ?’ ಎಲ್ಲದಕ್ಕೂ ಅಣ್ಣನೇ ಇಲ್ಲೆ ಇಲ್ಲೆ ಅಂದ. ಮತ್ತೆ ನನ್ನ ಕಿವಿಗೆ ಸೂಜಿ ಚುಚ್ಚಿ, ಮಸಿ ಹೀರುವಂಥ ಕಾಗದ ಒತ್ತಿ ಒತ್ತಿ ನೋಡಿದ್ರು. ಅದು ಬೇಗ ನಿಂತ್ಕಂಡ್ತು. ಕಡೆಗೆ ನನ್ನ ಬದಿಗೆ ತಿರುಗಿ, ‘ತಿಂಗಳಿಂದು ಹೆಂಗೈತ್ರಿ?’ ಅಂದ್ರು. ಅಣ್ಣ ಎದ್ದು ಗೋಡೆಯ ಕ್ಯಾಲೆಂಡರ್ ನೋಡ್ತಾ ನಿಂತ!” ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು.

“ನಿಂಗ ಎಂತ ಹೇಳಿದ್ರಿ?”

“ಎಲ್ಲರ ಹಂಗೇ ಅಂದೆ.”

ನನಗೆ ನಗು ಬರಲಿಲ್ಲ. “ಎಲ್ಲರ ಹಂಗೆಯ? ಹಾಲಿನವಂಗೂ ಗೊತ್ತಿದ್ದು, ಆ ಡಾಕ್ಟ್ರಿಗೆ ಒಬ್ಬಂಗೆ ಗೊತ್ತಿಲ್ಲೆ! ನಾಳೆ ಹೋಗಿ ಹೇಳಿ.”

“ಥೋ ಸುಮ್ನಿರೇ ಮಾರಾಯ್ತಿ. ರಕ್ತ ಅಂದ್ರೆ ಗಾಯದ್ದು. ಇದನ್ನ ಯಾರಾದ್ರೂ ರಕ್ತ ಹೇಳಿ ಎಣಿಸ್ತ್ವ?” ಎಂದವರೇ ಕೊಡ ಬಾವಿಗಿಳಿಸಿದರು.

ಡಾಕ್ಟರ ಹೆಂಡತಿಯ ಕಿವಿಗಾದರೂ ಹಾಕಿ ಬರುತ್ತೇನೆಂದು ನಾನು ಚಪ್ಪಲಿ ಮೆಟ್ಟಿದ್ದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು. “ಊರವ್ರ ಮುಟ್ಟಿನ ಸುದ್ದಿ ಹೊತ್ಗಂಡು ಪೇಟೆ ಸುತ್ತಕ್ಕೆ ಹೊಂಟಿದ್ಯ? ಮಂಚಿಕೇರಿಲಿ ಇದನ್ನೇ ಕಲ್ಸಿದ್ವ?” ಹೊಸ ಸೊಸೆ. ಚಪ್ಪಲಿ ಬಿಚ್ಚಿದೆ.

ಮುಂಬಯಿಯಿಂದ ಅಣ್ಣ ಒಬ್ಬನೇ ಬಂದ.

ನಮ್ಮ ಜಗುಲಿಯಲ್ಲಿ ಕೂತು ಮಾವನಿಗೆ ಹೇಳುತ್ತಿದ್ದ. ನಾವು ಹೆಂಗಸರು ಬಾಗಿಲ ಹಿಂದೆ. “ಬಾಗಿಲು ಬಿಡ್ಸಿದ್ರು. ಅದು ಸರಿ ಆಯ್ದು ಅಂದ್ರು. ರಕ್ತ ಮಾತ್ರ ನಿಂತಿದ್ದಿಲ್ಲೆ... ಬಾಟ್ಲಿ ಮೇಲೆ ಬಾಟ್ಲಿ ಏರ್ಸಿದ್ರು. ನನ್ನ ರಕ್ತನೂ ತೆಗ್ದ್ರು. ಒಂದು ಬದಿಂದ ಕೊಟ್ಟಿದ್ದು ಇನ್ನೊಂದು ಬದಿಂದ ಸೋರಿ ಹೋತು.”

ಅತ್ತೆ ತಡೆಯದೆ ಬಾಗಿಲ ಹಿಂದಿನಿಂದಲೇ ಕೇಳಿದರು: “ಅಲ್ಲಿಯ ಡಾಕ್ಟ್ರು ಮೊದ್ಲೇ ಎಂತದೂ ಕೇಳಿದ್ವಿಲ್ಯ?”

ಆತ ಬಾಗಿಲ ಕಡೆ ನೋಡದೆ ಹೇಳಿದ: “ಕೇಳಿದ್ರು. ಇಂಗ್ಲೀಷಲ್ಲಿ ಕೇಳಿದ್ರು. ಅದನ್ನ ಆನು ತಂಗಿ ಹತ್ರ ಕನ್ನಡದಲ್ಲಿ ಹೆಂಗೆ ಕೇಳದು? ‘ನೋ’ ಹೇಳ್ದೆ.”

ಆಮೇಲೆ ಆ ಮನೆಯಿಂದ ದಿನವೂ ಸೀದ ಬೇಳೆಯ ವಾಸನೆ. ಮೊದಲೆಲ್ಲ ವಾಸನೆ ನಿಂತಿತೆಂದರೆ ಅಕ್ಕೋರು ಮಿಂದು ಒಳಗೆ ಬಂದರೆಂದು ಅರ್ಥ. ಈಗ ಅದು ನಿಲ್ಲಲೇ ಇಲ್ಲ. ಬಾವಿಕಟ್ಟೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಒಮ್ಮೆ ಹಾಲಿನವನು ಅಭ್ಯಾಸಬಲದಿಂದ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು, ಮತ್ತೆ ನೆನಪಾಗಿ ಎತ್ತಿಕೊಂಡು, ಎಲ್ಲಿ ಇಡಬೇಕೆಂದು ತಿಳಿಯದೆ ನಿಂತುಬಿಟ್ಟಿದ್ದ. ಕೆಲವು ಕಾಲದ ಮೇಲೆ ಅಣ್ಣನಿಗೆ ವರ್ಗವಾಯಿತು. ಎಲ್ಲಿಗೆಂದು ನನಗೆ ನೆನಪಿಲ್ಲ...

ಹೇಳಿದ್ದರೆ ಬದುಕುತ್ತಿದ್ದರೇ? ಗೊತ್ತಿಲ್ಲ. ಆ ಕಾಲದ ಮದ್ದು, ಆ ಕಾಲದ ಕೈ. ಆದರೆ ಕೇಳಬೇಕಾದವರು ಕೇಳಿದ್ದರು, ಎರಡೆರಡು ಸಲ. ಉತ್ತರ ಇಡೀ ಓಣಿಯ ಬಾಯಲ್ಲಿತ್ತು. ಅವರ ಮಗ್ಗಿ ಅರ್ಧಕ್ಕೇ ಉಳಿಯಿತು, ಮುಂದಿನದ್ದನ್ನು ಯಾರೂ ಹೇಳಲಿಲ್ಲ.

ಇವತ್ತು ಬೇಳೆ ಸೀಯಿಸಿ ಕಳಿಸಿದ ಸಾಲು ಏನೆಂದು ಹೇಳಲಿಲ್ಲ ಅಲ್ಲವೇ? ಎಂ.ಎಸ್ಸಿ. ಓದಿದ ನನ್ನ ಮೊಮ್ಮಗಳು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಳೆ. ಅವಳಿಗೂ ಆಗಬೇಕಿರುವುದು ಹೃದಯದ್ದೇ ಆಪರೇಷನ್ನು. ತಿಂಗಳು ತಿಂಗಳು ಅವಳು ಪಡುವ ಪಾಡು ಒಂದೇ ಮನೆಯಲ್ಲಿರುವ ನನಗೆ ಗೊತ್ತು. ಫೋನು ಮಾಡಿದರೆ ಜೊತೆಗಿರುವ ನನ್ನ ಮಗ ಸ್ಪೀಕರಿಗೆ ಹಾಕುತ್ತಾನೆ. ಅದಕ್ಕೇ ಟೈಪು ಮಾಡಿದ್ದು: ‘ತಿಂಗಳ ರಕ್ತದ ವಿಷಯ ಡಾಕ್ಟರು ಕೇಳಿದ್ರ?’

ಪಾತ್ರೆ ತಿಕ್ಕಿಟ್ಟು ಬರುವಷ್ಟರಲ್ಲಿ ಉತ್ತರ ಬಂದಿತ್ತು: ‘ಕೇಳಿದ್ರು. ಎಲ್ಲರ ಹಂಗೇ ಅಂದೆ.’

ಅವಸರದಲ್ಲಿ ‘ಳ’ ಮತ್ತೆ ‘ಲ’ ಆಯಿತು. ಹಾಗೇ ಕಳಿಸಿದೆ: ‘ಈಗಲೇ ಹೋಗಿ ಸರಿಯಾಗಿ ಹೇಲು. ಎಂತಕ್ಕೆ ಹಂಗಂದೆ?’

‘ಅಜ್ಜೀ! ಅಪ್ಪ ಪಕ್ಕದಲ್ಲೇ ಕೂತಿದ್ದ!’